ಬೀಗ ಬಿದ್ದ ಶುದ್ಧ ನೀರಿನ ಘಟಕ ಮತ್ತೆ ಓಡಿಸಿ, ಊರಿನ ಹುಡುಗರಿಗೆ ಕೆಲಸ ಕೊಡುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು, ಜಗಳೂರು ಕಡೆ ಊರ ಹುಡುಗರು ನಿಂತ ಘಟಕವನ್ನು ವಹಿಸಿಕೊಂಡಾಗ ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಪಂಚಾಯಿತಿಯಿಂದ ಬೀಗದಕೈ ಸಿಕ್ಕ ದಿನವೇ ಹೊಸ ಮೆಂಬ್ರೇನ್ (ಉಪ್ಪು ತಡೆದು ಶುದ್ಧ ನೀರು ಮಾತ್ರ ಬಿಡುವ ಹಾಳೆಯ ಸುರುಳಿ) ತರುತ್ತಾರೆ, ಪೂಜೆ ಮಾಡಿ ಸ್ವಿಚ್ ಒತ್ತುತ್ತಾರೆ. ಮೊದಲ ವಾರ ನೀರು ಸಕ್ಕರೆಯಂತೆ ಬರುತ್ತದೆ. ಮೂರನೇ ವಾರ ಕ್ಯಾನ್ ತುಂಬಲು ಎರಡು ನಿಮಿಷ ಹಿಡಿಯುತ್ತದೆ, ಎರಡನೇ ತಿಂಗಳಿಗೆ ರುಚಿ ಕೆಡುತ್ತದೆ, ನಾಲ್ಕನೇ ತಿಂಗಳು ಮತ್ತೆ ಬೀಗ. ಕೈಯಿಂದ ಹಾಕಿದ ದುಡ್ಡು ಹೋಯಿತು, ಜೊತೆಗೆ ಊರಿನವರ ನಂಬಿಕೆಯೂ ಹೋಯಿತು.

ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಮೆಂಬ್ರೇನ್ ಹಾಳಾಗುವುದು ಕಾಯಿಲೆಯಲ್ಲ, ಕಾಯಿಲೆಯ ಫಲ. ಕಾಯಿಲೆ ಅದಕ್ಕಿಂತ ಹಿಂದೆ ಇರುತ್ತದೆ: ತೊಳೆಯದ ಮರಳು ಫಿಲ್ಟರ್, ಖಾಲಿಯಾದ ಔಷಧದ ಡಬ್ಬಿ (ಸುಣ್ಣ ಕಟ್ಟದಂತೆ ನೀರಿಗೆ ಬೆರೆಸುವ ಔಷಧ), ಬರೆಯದ ಪುಸ್ತಕ, ಬಾಯಿಮಾತಿನ ಕರಾರು. ಹೊಸ ಘಟಕ ಕಟ್ಟಿಸುವುದರಲ್ಲಿ ಊರಿನವರಿಗೆ ಸಿಗುವುದು ಹದಿನೈದು ದಿನದ ಗಾರೆ ಕೆಲಸ. ವರ್ಷವಿಡೀ ಸಂಬಳ ಬರುವುದು ಇರುವ ಘಟಕವನ್ನು ನಿಲ್ಲದಂತೆ ನಡೆಸುವುದರಲ್ಲಿ. ಕೆಳಗಿನ ಕ್ರಮ ಗಂಟೆಗೆ 1,000 ಲೀಟರ್ ಶುದ್ಧ ನೀರು ಕೊಡುವ, 4040 ಅಳತೆಯ (4 ಇಂಚು ಅಡ್ಡಳತೆ, 40 ಇಂಚು ಉದ್ದ) ನಾಲ್ಕು ಮೆಂಬ್ರೇನ್ ಇರುವ, ಒತ್ತಡದಿಂದ ನೀರನ್ನು ಅವುಗಳ ಮೂಲಕ ತಳ್ಳಿ ಶುದ್ಧ ಮಾಡುವ ಆರ್‌ಒ ಘಟಕಕ್ಕೆ ಹೊಂದುತ್ತದೆ. ನಿಮ್ಮ ಘಟಕದ ಅಳತೆ ಬೇರೆಯಾದರೆ ಅಂಕಿಗಳನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಿ, ಕ್ರಮವನ್ನು ಮಾತ್ರ ಬದಲಿಸಬೇಡಿ.

## ಮೊದಲು ಲೆಕ್ಕ: ಒಂದು ಘಟಕ ಎಷ್ಟು ಹೊಟ್ಟೆ ತುಂಬಿಸುತ್ತದೆ

ನಾಲ್ಕು ಜನ ಗೆಳೆಯರು ಸೇರಿ ಒಂದು ಘಟಕ ಹಿಡಿದರೆ ಆರು ತಿಂಗಳಲ್ಲಿ ಗೆಳೆತನವೂ ಇರುವುದಿಲ್ಲ, ಘಟಕವೂ ಇರುವುದಿಲ್ಲ. ಒಂದು ಘಟಕದಿಂದ ಒಂದೂವರೆ ಸಂಬಳ ಹೊರಡುತ್ತದೆ, ಅಷ್ಟೇ.

ಲೆಕ್ಕ ಹೀಗೆ. 20 ಲೀಟರ್ ಕ್ಯಾನಿಗೆ 5 ರೂ. ದರ, ದಿನಕ್ಕೆ 250 ಕ್ಯಾನ್ ಎಂದುಕೊಳ್ಳಿ. ತಿಂಗಳಿಗೆ 37,500 ರೂ. ಬರುತ್ತದೆ. 5,000 ಲೀಟರ್ ತೆಗೆಯಲು ಘಟಕ 5 ಗಂಟೆ, ತೊಳೆಯುವ ಸಮಯವೂ ಸೇರಿ ಐದೂವರೆ ಗಂಟೆ ಓಡಬೇಕು. 1 ಎಚ್‌ಪಿ ಮತ್ತು 2 ಎಚ್‌ಪಿ ಮೋಟರುಗಳಿಗೆ ದಿನಕ್ಕೆ ಸುಮಾರು 13 ಯೂನಿಟ್. ಯೂನಿಟ್‌ಗೆ 8 ರೂ. ಹಿಡಿದರೆ ತಿಂಗಳಿಗೆ ಸುಮಾರು 3,100. ಔಷಧ, ಕಾರ್ಟ್ರಿಜ್ (ಸಣ್ಣ ಕಸ ಹಿಡಿಯುವ, ಆಗಾಗ ಬದಲಿಸುವ ಫಿಲ್ಟರ್), ನೀರಿನ ಪರೀಕ್ಷೆಗೆ 2,500. ಒಂದು ಮೆಂಬ್ರೇನ್‌ಗೆ 15,000 ಎಂದು ಹಿಡಿದು ನಾಲ್ಕಕ್ಕೆ 60,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 2,500 ಎತ್ತಿಡಬೇಕು. ಮೋಟರು, ಪಂಪು ಸುಟ್ಟರೆ ಇರಲಿ ಎಂದು ಇನ್ನೊಂದು 2,500. ಪಂಚಾಯಿತಿಯ ಪಾಲು 2,000. ಒಟ್ಟು 12,600 ಹೋಗಿ ಉಳಿಯುವುದು 24,900.

ಇಂಥ ನಾಲ್ಕು ಘಟಕಗಳನ್ನು, ಒಂದಕ್ಕೊಂದು ಹತ್ತು ಹನ್ನೆರಡು ಕಿ.ಮೀ. ಒಳಗೆ ಇರುವಂಥವನ್ನು, ಒಂದೇ ತಂಡ ನೋಡಿಕೊಂಡರೆ ಉಳಿಯುವುದು 99,600. ಆಗ ಘಟಕಕ್ಕೊಬ್ಬರಂತೆ ನಾಲ್ವರು ಆಪರೇಟರ್‌ಗಳಿಗೆ ತಲಾ 14,000, ಎಲ್ಲ ಕಡೆ ಓಡಾಡುವ ಒಬ್ಬ ಮೆಕ್ಯಾನಿಕ್‌ಗೆ 20,000, ಲೆಕ್ಕ ಮತ್ತು ನೀರಿನ ಪರೀಕ್ಷೆ ನೋಡುವವರಿಗೆ 12,000. ಆರು ಜನರಿಗೆ ಕೆಲಸ, 11,600 ರೂ. ಕೈಯಲ್ಲಿ ಉಳಿತಾಯ. ಸಂಬಳ, ಸಾಮಾನಿನ ದರ ಎಲ್ಲ ಲೆಕ್ಕಕ್ಕೆ ಹಿಡಿದ ಅಂಕಿಗಳು. ಕರೆಂಟ್ ಬಿಲ್, ಅಂಗಡಿಯ ದರಪಟ್ಟಿ, ಜಾರಿಯಲ್ಲಿರುವ ಕನಿಷ್ಠ ವೇತನ ನೋಡಿ ನಿಮ್ಮ ಅಂಕಿ ತುಂಬಿ.

ದಿನಕ್ಕೆ 120 ಕ್ಯಾನ್ ಮಾತ್ರ ಹೋಗುವ ಊರಾದರೆ? ಬರುವುದು 18,000. ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ, ಏಕೆಂದರೆ ಮೆಂಬ್ರೇನಿನ ದುಡ್ಡು, ಮೋಟರಿನ ದುಡ್ಡು ಎತ್ತಿಡಲೇಬೇಕು. 7,700ರ ಆಸುಪಾಸು ಉಳಿಯುತ್ತದೆ. ಅಂಥ ಊರಿನ ಘಟಕವನ್ನು ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆಯ ಅರೆಕಾಲಿಕ ಕೆಲಸವಾಗಿ ಮಾತ್ರ ಹಿಡಿಯಿರಿ.

## ಹಂತ 1: ಬೀಗದಕೈಗೆ ಮುಂಚೆ ಕಾಗದ

ಮೊದಲು ತಿಳಿಯಬೇಕಾದದ್ದು ಘಟಕ ಯಾರ ಹೆಸರಿನಲ್ಲಿದೆ ಎಂಬುದು. ಕೆಲವು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಕಟ್ಟಿಸಿದವು, ಕೆಲವು ಶಾಸಕರ ಇಲ್ಲವೇ ಸಂಸದರ ಅನುದಾನದವು, ಕೆಲವು ಸಹಕಾರ ಸಂಘದವು. ಕಟ್ಟಿದ ಏಜೆನ್ಸಿಯ ನಿರ್ವಹಣೆ ಅವಧಿ ಇನ್ನೂ ಮುಗಿದಿಲ್ಲವಾದರೆ ದುರಸ್ತಿ ಅವರದೇ ಜವಾಬ್ದಾರಿ. ನೀವು ಕೈಯಿಂದ ದುಡ್ಡು ಹಾಕಿ ಸರಿಮಾಡಿದ ಮೇಲೆ ಅವರು ಬಂದು ಕೂತರೆ ಕೇಳುವವರಿಲ್ಲ.

1. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ಘಟಕದ ಹಸ್ತಾಂತರ ಪತ್ರ, ಹಳೆಯ ನಿರ್ವಹಣೆ ಕರಾರು, ಕರೆಂಟ್ ಮೀಟರಿನ ಆರ್‌.ಆರ್. ನಂಬರು, ಬಾಕಿ ಬಿಲ್ ಕೇಳಿ.
2. ತಂಡಕ್ಕೆ ಒಂದು ರೂಪ ಕೊಡಿ. ನೋಂದಾಯಿತ ಸ್ವಸಹಾಯ ಸಂಘವೋ, ಪಾಲುದಾರಿಕೆಯೋ ಇದ್ದರೆ ಬ್ಯಾಂಕ್ ಖಾತೆ ತೆರೆಯುವುದು ಸುಲಭ. ಊರಿನ ಸಂಜೀವಿನಿ ಒಕ್ಕೂಟದ (ಮಹಿಳಾ ಸ್ವಸಹಾಯ ಸಂಘಗಳ ಕೂಟ) ಜೊತೆ ಸೇರಿದರೆ ಪಂಚಾಯಿತಿಯಲ್ಲಿ ಮಾತು ಬೇಗ ಮುಂದುವರಿಯುತ್ತದೆ.
3. ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ಠರಾವು ಆಗಬೇಕು. ಟೆಂಡರ್ ಕರೆಯಬೇಕೆಂದರೆ ಕರೆಯಲಿ, ತಡವಾದರೂ ಚಿಂತೆಯಿಲ್ಲ.
4. ಕರಾರಿನಲ್ಲಿ ಈ ಆರು ಮಾತು ಇರಲೇಬೇಕು: ಅವಧಿ (3 ವರ್ಷಕ್ಕಿಂತ ಕಡಿಮೆಯಾದರೆ ಮೆಂಬ್ರೇನಿನ ಬಂಡವಾಳ ವಾಪಸು ಬರುವುದು ಕಷ್ಟ), ಕ್ಯಾನಿನ ದರ, ಕರೆಂಟ್ ಬಿಲ್ ಯಾರದು, ಬೋರಿನ ಮೋಟರು ಸುಟ್ಟರೆ ಯಾರದು, ವೇಸ್ಟ್ ನೀರು (ಶುದ್ಧ ನೀರು ತೆಗೆದ ಮೇಲೆ ಹೊರಬೀಳುವ ಉಪ್ಪು ನೀರು) ಎಲ್ಲಿಗೆ, ನಡುವೆ ಬಿಡಿಸಿದರೆ ಹಾಕಿದ ಸಾಮಾನಿಗೆ ಪರಿಹಾರ ಏನು.

ಎಚ್ಚರಿಕೆಯ ಗುರುತು: "ಮೊದಲು ಶುರು ಮಾಡ್ರಪ್ಪ, ಕಾಗದ ಆಮೇಲೆ ನೋಡೋಣ" ಎಂಬ ಮಾತು ಬಂತೆಂದರೆ ಅಲ್ಲಿಗೇ ನಿಲ್ಲಿ. ಚುನಾವಣೆ ಕಳೆದು ಸದಸ್ಯರು ಬದಲಾದ ಮೇಲೆ ಬಾಯಿಮಾತಿಗೆ ಬೆಲೆ ಇರುವುದಿಲ್ಲ.

## ಹಂತ 2: ಬೋರಿನ ನೀರನ್ನು ತಿಳಿದುಕೊಳ್ಳಿ

ನೀರು ಏನೆಂದು ಗೊತ್ತಿಲ್ಲದೆ ಯಂತ್ರ ಮುಟ್ಟಬೇಡಿ. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜದ ಒಟ್ಟು ಅಳತೆ) ಮೀಟರ್ ಹಿಡಿದು ಅಂಕಿ ನೋಡಿ "ನೀರು ಚೆನ್ನಾಗಿದೆ" ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಆ ಮೀಟರ್ ಫ್ಲೋರೈಡ್ ಅಳೆಯುವುದಿಲ್ಲ, ನೈಟ್ರೇಟ್ ಅಳೆಯುವುದಿಲ್ಲ, ರೋಗಾಣು ಅಳೆಯುವುದಿಲ್ಲ. ಟಿಡಿಎಸ್ 600 ಇರುವ, ಬಾಯಿಗೆ ಸಪ್ಪೆಯಾಗಿ ಸಿಹಿ ಅನ್ನಿಸುವ ನೀರಿನಲ್ಲೂ ಹಲ್ಲು ಕಂದಾಗಿಸುವಷ್ಟು ಫ್ಲೋರೈಡ್ ಇರಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಎರಡು ಮಾದರಿ ಕೊಡಿ. ರಾಸಾಯನಿಕ ಪರೀಕ್ಷೆಗೆ 1 ಲೀಟರ್ ಶುಭ್ರವಾದ ಪ್ಲಾಸ್ಟಿಕ್ ಬಾಟಲಿ ಸಾಕು. ಫ್ಲೋರೈಡ್ ಗಾಜನ್ನು ಕೊರೆಯುವ ಗುಣದ್ದು, ಅದಕ್ಕೇ ಗಾಜಿನ ಬಾಟಲಿ ಬೇಡ. ಬೋರು ಐದು ನಿಮಿಷ ಹರಿದ ಮೇಲೆ, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಗಲಬರಿಸಿ ತುಂಬಿ. ರೋಗಾಣು ಪರೀಕ್ಷೆಯ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿ, ಗಲಬರಿಸಬೇಡಿ, ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ.

ವರದಿ ಬಂದಾಗ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಈ ಅಂಕಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಟಿಡಿಎಸ್ 500, ಬೇರೆ ಮೂಲವಿಲ್ಲದಿದ್ದರೆ 2,000. ಗಡಸುತನ 200, ಹೆಚ್ಚೆಂದರೆ 600. ನೈಟ್ರೇಟ್ 45. ಪಿಎಚ್ (ಹುಳಿ, ಕ್ಷಾರದ ಅಳತೆ) 6.5ರಿಂದ 8.5. 100 ಮಿ.ಲೀ.ನಲ್ಲಿ ಇ-ಕೋಲಿ ಒಂದೂ ಇರಕೂಡದು.

ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬೋರು ಇಳಿದಾಗ ಉಪ್ಪಿನ ಅಂಶ ಏರುವುದುಂಟು. ಆದ್ದರಿಂದ ಮಳೆಗಾಲದ ವರದಿಯೊಂದನ್ನೇ ನಂಬಬೇಡಿ. ಬೇಸಿಗೆಯಲ್ಲಿ ಇನ್ನೊಮ್ಮೆ ಮಾಡಿಸಿ.

ಇನ್ನೊಂದು ಪ್ರಶ್ನೆ: ಘಟಕಕ್ಕೆ ನೀರು ನೇರ ಬೋರಿನಿಂದ ಬರುತ್ತದೆಯೋ, ಊರಿನ ಓವರ್‌ಹೆಡ್ ಟ್ಯಾಂಕಿನಿಂದಲೋ? ಟ್ಯಾಂಕಿನಿಂದ ಆದರೆ ನೀರುಗಂಟಿಯ ಜೊತೆ ಮಾತಾಡಿ, ಬ್ಲೀಚಿಂಗ್ ಪೌಡರ್ ಯಾವ ದಿನ ಹಾಕುತ್ತಾರೆ ತಿಳಿದುಕೊಳ್ಳಿ. ಕ್ಲೋರಿನ್ ಮೆಂಬ್ರೇನಿನ ಹಾಳೆಯನ್ನು ತಿಂದುಹಾಕುತ್ತದೆ, ಆ ಹಾನಿಗೆ ತೊಳೆಯುವ ಮದ್ದಿಲ್ಲ.

## ಹಂತ 3: ಕೈಗೆ ಬೇಕಾದ ಸಾಮಾನು

ದೊಡ್ಡ ವರ್ಕ್‌ಶಾಪ್ ಬೇಡ. ಟಿಡಿಎಸ್ ಮೀಟರ್, ಪಿಎಚ್ ಪಟ್ಟಿ, ಕ್ಲೋರಿನ್ ನೋಡುವ ಹನಿ ಔಷಧ, 100 ಮಿ.ಲೀ. ಅಳತೆ ಜಾಡಿ, ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್, 14 ಇಂಚಿನ ಪೈಪ್ ವ್ರೆಂಚ್, ಸ್ಪ್ಯಾನರ್ ಸೆಟ್ಟು, ಕಾರ್ಟ್ರಿಜ್ ಹೌಸಿಂಗ್ ಬಿಚ್ಚುವ ರಿಂಗು, ಟೆಫ್ಲಾನ್ ಟೇಪು, ಗ್ಲಿಸರಿನ್, ರಬ್ಬರ್ ಕೈಗವಸು, ಕಣ್ಣಿನ ಕನ್ನಡಕ. ಗಡಿಯಾರದ ಕೆಲಸಕ್ಕೆ ಮೊಬೈಲ್ ಸಾಕು. ಮುಟ್ಟಿದರೆ ಹರಿಯದ ದಪ್ಪ ರಟ್ಟಿನ ಪುಸ್ತಕ ಒಂದು.

ತಂಡದಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಇಲ್ಲವೇ ಫಿಟ್ಟರ್ ಓದಿದ ಒಬ್ಬರಾದರೂ ಇರಲಿ. ನೀರಿನ ಪರೀಕ್ಷೆ ಮತ್ತು ಲೆಕ್ಕಕ್ಕೆ ಊರಿನ ಹೆಣ್ಣುಮಕ್ಕಳನ್ನು ಕರೆಯಿರಿ: ಜಲಜೀವನ್ ಮಿಷನ್‌ನಡಿ ಪ್ರತಿ ಊರಿನಲ್ಲಿ 5 ಮಂದಿ ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸಲು ಕಲಿಸಬೇಕೆಂದಿದೆ. ಕಲಿತವರು ಊರಿನಲ್ಲೇ ಇದ್ದರೆ, ಕಿಟ್ ಪಂಚಾಯಿತಿಯ ಬೀರುವಿನಲ್ಲಿ ದೂಳು ತಿನ್ನುತ್ತಿದ್ದರೆ, ಅದನ್ನು ಹೊರಗೆ ತೆಗೆಸುವುದೇ ಮೊದಲ ಕೆಲಸ.

## ಹಂತ 4: ನೀರು ಬರುವ ದಿಕ್ಕಿನಲ್ಲೇ ರಿಪೇರಿ

ನೀರು ಯಾವ ದಾರಿಯಲ್ಲಿ ಹರಿಯುತ್ತದೋ ಅದೇ ದಾರಿಯಲ್ಲಿ ಬಿಚ್ಚುತ್ತ ಹೋಗಿ. ಒಂದು ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಈ ಹಂತಕ್ಕೆ ಮೂರು ದಿನ ಹಿಡಿದರೂ ಹಿಡಿಯಲಿ.

1. ಕರೆಂಟು. ಮೇನ್ ಇಳಿಸಿ, ಪ್ಯಾನಲ್ ಬಾಗಿಲು ತೆಗೆದು ಇಲಿ, ಹಲ್ಲಿ, ಇರುವೆ ಗೂಡು ಕ್ಲೀನ್ ಮಾಡಿ. ಅರ್ಥಿಂಗ್ ಗುಂಡಿಗೆ ನೀರು ಹಾಕಿ. ತ್ರೀ ಫೇಸ್ ಮೋಟರಾದರೆ ಒಂದು ಫೇಸ್ ಹೋದಾಗ ಕಡಿತ ಮಾಡುವ ಪ್ರಿವೆಂಟರ್ ಕೆಲಸ ಮಾಡುತ್ತಿದೆಯೇ ನೋಡಿ. ಹಳ್ಳಿಯಲ್ಲಿ ಮೋಟರು ಸುಡುವುದು ಹೆಚ್ಚಾಗಿ ಇದರಿಂದಲೇ.

2. ಬೋರಿನ ನೀರಿನ ಟ್ಯಾಂಕು. ತಳದ ಕೆಸರು ತೆಗೆದು ಉಜ್ಜಿ ತೊಳೆಯಿರಿ. ಮುಚ್ಚಳ ಬಿಗಿಯಾಗಿರಲಿ: ಬೆಳಕು ಬಿದ್ದರೆ ಪಾಚಿ, ಪಾಚಿ ಬಂದರೆ ಫಿಲ್ಟರಿಗೆ ಆಪತ್ತು.

3. ಮರಳು ಫಿಲ್ಟರ್. ನೀರನ್ನು ಹಿಮ್ಮುಖ ಹರಿಸಿ ತೊಳೆಯಲು ತಲೆಯ ಮೇಲಿನ ಹಿಡಿಯನ್ನು ಬ್ಯಾಕ್‌ವಾಶ್‌ಗೆ ತಿರುಗಿಸಿ 10ರಿಂದ 15 ನಿಮಿಷ, ಹೊರಬರುವ ನೀರು ತಿಳಿಯಾಗುವವರೆಗೆ ಬಿಡಿ; ಆಮೇಲೆ ರಿನ್ಸ್‌ಗೆ 5 ನಿಮಿಷ. ಪಂಪು ಓಡುತ್ತಿರುವಾಗ ಹಿಡಿ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ, ಕೊಳೆ ನೀರು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಪ್ರತಿ ಸಲವೂ ಪಂಪು ನಿಲ್ಲಿಸಿ, ತಿರುಗಿಸಿ, ಮತ್ತೆ ಹಚ್ಚಿ. ವರ್ಷಗಟ್ಟಲೆ ನಿಂತ ಘಟಕದಲ್ಲಿ ಮರಳು ಹೆಪ್ಪುಗಟ್ಟಿರುತ್ತದೆ. ಬ್ಯಾಕ್‌ವಾಶ್‌ನಲ್ಲಿ ಅರ್ಧ ಗಂಟೆಯಾದರೂ ಮಡ್ಡಿ ನಿಲ್ಲದಿದ್ದರೆ ಮರಳು ಬದಲಿಸಿ.

4. ಇದ್ದಿಲು ಫಿಲ್ಟರ್. ಕ್ಲೋರಿನ್ ಹೀರುವುದು ಇದರ ಕೆಲಸ. ಒಂದು ವರ್ಷ ನಿಂತಿದ್ದರೆ ಹೊಸ ಇದ್ದಿಲು ಹಾಕುವುದೇ ಸರಿ, ಏಕೆಂದರೆ ತೇವವಾಗಿ ನಿಂತ ಇದ್ದಿಲಿನಲ್ಲಿ ಕ್ರಿಮಿ ಮನೆ ಮಾಡುತ್ತವೆ. ಹೊಸದು ಹಾಕಿದ ಮೇಲೆ ಕಪ್ಪು ನೀರು ನಿಲ್ಲುವವರೆಗೆ ಹೊರಗೆ ಬಿಡಿ. ನಂತರ ಇದರ ಹೊರಬಾಯಿಯ ನೀರಿಗೆ ಕ್ಲೋರಿನ್ ನೋಡುವ ಹನಿ ಔಷಧ ಹಾಕಿ, ಬಣ್ಣ ಬರಕೂಡದು.

5. ಔಷಧದ ಪಂಪು. ಸುಣ್ಣದ ಹರಳು ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ಇಲ್ಲಿಂದ ಹೋಗುತ್ತದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಮೆಂಬ್ರೇನ್ ಸಾಯುವುದು ಬಹುಪಾಲು ಇಲ್ಲೇ.

ಲೀಟರಿಗೆ 4 ಮಿ.ಗ್ರಾಂ. ಹಾಕಬೇಕೆಂದುಕೊಳ್ಳಿ (ಸರಿಯಾದ ಅಂಕಿ ನಿಮ್ಮ ಔಷಧದ ಡಬ್ಬಿಯ ಮೇಲೆ, ನೀರಿನ ವರದಿ ನೋಡಿ ಮಾರುವವರು ಹೇಳುವಂತೆ). ಘಟಕಕ್ಕೆ ಗಂಟೆಗೆ ಹೋಗುವ ನೀರು 2,000 ಲೀಟರ್: ಸಾವಿರ ಶುದ್ಧ, ಸಾವಿರ ವೇಸ್ಟ್. ಅಂದರೆ ಗಂಟೆಗೆ 8 ಗ್ರಾಂ. ಔಷಧ. ಪಂಪನ್ನು ಗಂಟೆಗೆ 1 ಲೀಟರ್‌ಗೆ ಇಟ್ಟರೆ, 25 ಲೀಟರ್ ಆರ್‌ಒ ನೀರಿನಲ್ಲಿ 200 ಗ್ರಾಂ. ಬೆರೆಸಿದ್ದು 25 ಗಂಟೆ, ಅಂದರೆ ನಾಲ್ಕೈದು ದಿನ ಬರುತ್ತದೆ. ಒಮ್ಮೆಗೇ ಹದಿನೈದು ದಿನದ್ದು ಬೆರೆಸಿಡಬೇಡಿ, ತೆಳು ದ್ರಾವಣದಲ್ಲಿ ಲೋಳೆ ಬೆಳೆಯುತ್ತದೆ.

ಪಂಪು "ಟಿಕ್ ಟಿಕ್" ಎಂದು ಬಡಿಯುತ್ತಿದೆ ಎಂದ ಮಾತ್ರಕ್ಕೆ ಔಷಧ ಹೋಗುತ್ತಿದೆ ಎಂದಲ್ಲ. ನಳಿಗೆಯಲ್ಲಿ ಗಾಳಿಯ ಗುಳ್ಳೆಯೊಂದು ಹಿಂದೆ ಮುಂದೆ ಓಲಾಡುತ್ತ ನಿಂತಿದ್ದರೆ ಸದ್ದು ಬರುತ್ತಲೇ ಇರುತ್ತದೆ, ಹನಿಯೂ ಹೋಗುವುದಿಲ್ಲ. ಹೀರುವ ನಳಿಗೆಯನ್ನು 100 ಮಿ.ಲೀ. ಅಳತೆ ಜಾಡಿಯಲ್ಲಿ ಇಳಿಬಿಟ್ಟು ಗಡಿಯಾರ ನೋಡಿ: 6 ನಿಮಿಷಕ್ಕೆ ಜಾಡಿ ಖಾಲಿಯಾಗಬೇಕು. ಈ ಪರೀಕ್ಷೆ ವಾರಕ್ಕೊಮ್ಮೆ ತಪ್ಪಕೂಡದು.

6. ಮೈಕ್ರಾನ್ ಕಾರ್ಟ್ರಿಜ್. 5 ಮೈಕ್ರಾನಿನದು. ಒಳಬಾಯಿ, ಹೊರಬಾಯಿ ಗೇಜುಗಳ ನಡುವೆ 0.7ರಿಂದ 1 ಕೆ.ಜಿ. ಒತ್ತಡದ (ಚದರ ಸೆಂ.ಮೀ.ಗೆ) ವ್ಯತ್ಯಾಸ ಬಂದರೆ ಬದಲಿಸಿ. ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕುವ ಅಭ್ಯಾಸ ಇದೆ. ಉಜ್ಜಿದ ಕಾರ್ಟ್ರಿಜ್ ಮೇಲ್ನೋಟಕ್ಕೆ ಬೆಳ್ಳಗಿರುತ್ತದೆ, ಒಳಗಿನ ನೂಲು ಬಿಚ್ಚಿ ಮೆಂಬ್ರೇನಿಗೆ ಹೋಗುತ್ತದೆ.

7. ಹೈ ಪ್ರೆಶರ್ ಪಂಪು. ನೀರಿಲ್ಲದೆ ಓಡಿದರೆ ಕೆಲವೇ ನಿಮಿಷದಲ್ಲಿ ಸೀಲು ಸುಡುತ್ತದೆ. ಲೋ ಪ್ರೆಶರ್ ಸ್ವಿಚ್ಚನ್ನು "ಪದೇ ಪದೇ ಟ್ರಿಪ್ ಆಗುತ್ತೆ" ಎಂದು ವೈರ್ ಸೇರಿಸಿ ಬೈಪಾಸ್ ಮಾಡಿದ್ದರೆ ಮೊದಲು ಅದನ್ನು ಬಿಡಿಸಿ. ಟ್ರಿಪ್ ಆಗುವುದು ಸ್ವಿಚ್ಚಿನ ತಪ್ಪಲ್ಲ, ಹಿಂದಿನ ಫಿಲ್ಟರ್ ಕಟ್ಟಿದೆ ಎಂಬ ಸುದ್ದಿ ಅದು.

## ಹಂತ 5: ಮೆಂಬ್ರೇನ್, ತೊಳೆಯುವುದೋ ಬದಲಿಸುವುದೋ

ಈಗ ಮೆಂಬ್ರೇನ್ ಸರದಿ. ಕೊಳವೆಗಳ ಮುಚ್ಚಳ ಬಿಚ್ಚಿ. ನೀರು ಮೊದಲು ಹೋಗುವ ಮೆಂಬ್ರೇನಿನ ಮುಖ, ಕೊನೆಯ ಮೆಂಬ್ರೇನಿನ ಬಾಲ, ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಮೊದಲಿನದರಲ್ಲಿ ಕಂದು ಮಡ್ಡಿ, ಜಾರುವ ಲೋಳೆ ಇದ್ದರೆ ಮರಳು ಫಿಲ್ಟರ್ ಕೈಕೊಟ್ಟಿದೆ, ಕ್ರಿಮಿ ಬೆಳೆದಿದೆ. ಕೊನೆಯದರ ಬಾಲದಲ್ಲಿ ಉಗುರಿಗೆ ಗರಗರ ಎನ್ನುವ ಬಿಳಿ ಪುಡಿ ಇದ್ದರೆ ಅದು ಸುಣ್ಣದ ಹರಳು. ಕೆರೆದ ಪುಡಿಯ ಮೇಲೆ ನಿಂಬೆಹುಳಿ ದ್ರಾವಣದ ನಾಲ್ಕು ಹನಿ ಬಿಡಿ. ಸಣ್ಣಗೆ ನೊರೆ ಎದ್ದರೆ ಆಸಿಡ್ ತೊಳೆತಕ್ಕೆ ಬಗ್ಗುತ್ತದೆ. ನೊರೆ ಏಳದ ಬಿಳಿ ಹರಳು ಹಠಮಾರಿ, ತೊಳೆದರೂ ಹೋಗುವುದು ಕಷ್ಟ. ಹೊರಸುತ್ತು ಬಿರಿದು ಸುರುಳಿ ಬಿಚ್ಚಿಕೊಂಡಿದ್ದರೆ ತೊಳೆಯುವ ಮಾತೇ ಇಲ್ಲ.

ಸುಣ್ಣಕ್ಕೆ ತೊಳೆಯುವ ಕ್ರಮ:

1. 100 ಲೀಟರ್ ಆರ್‌ಒ ನೀರಿಗೆ (ಪಕ್ಕದೂರಿನ ಘಟಕದಿಂದ ತನ್ನಿ, ಬೋರಿನ ನೀರು ಬೇಡ) 2 ಕೆ.ಜಿ. ಸಿಟ್ರಿಕ್ ಆಸಿಡ್ (ನಿಂಬೆಹುಳಿ ಪುಡಿ) ಕರಗಿಸಿ. ಪಿಎಚ್ 2ಕ್ಕಿಂತ ಕೆಳಗೆ ಇಳಿಯಬಾರದು.
2. ಕಡಿಮೆ ಒತ್ತಡದಲ್ಲಿ, 2ರಿಂದ 4 ಕೆ.ಜಿ.ಯಲ್ಲಿ ಅರ್ಧ ಗಂಟೆ ಸುತ್ತಿಸಿ. ಶುದ್ಧ ನೀರಿನ ಬಾಯಿ ಮುಚ್ಚಿರಕೂಡದು.
3. ಒಂದು ಗಂಟೆ ನೆನೆಯಲು ಬಿಡಿ. ಮತ್ತೆ ಅರ್ಧ ಗಂಟೆ ಸುತ್ತಿಸಿ. ಸುತ್ತಿಸುವಾಗ ಪಿಎಚ್ ಏರುತ್ತಿದ್ದರೆ ಸುಣ್ಣ ಕರಗುತ್ತಿದೆ ಎಂದರ್ಥ. ಸ್ವಲ್ಪ ಆಸಿಡ್ ಸೇರಿಸಿ.
4. ಪಿಎಚ್ ಪಟ್ಟಿ ಸಾದಾ ನೀರಿನ ಬಣ್ಣ ತೋರಿಸುವವರೆಗೆ ಹರಿಸಿ ತೊಳೆಯಿರಿ.

ಲೋಳೆ, ಮಡ್ಡಿಗೆ ಆಸಿಡ್ ಅಲ್ಲ, ಕ್ಷಾರ ಬೇಕು. ನೂರು ಲೀಟರಿಗೆ 100 ಗ್ರಾಂ. ಕಾಸ್ಟಿಕ್ ಸೋಡಾ, ಪಿಎಚ್ 12 ದಾಟದಂತೆ, ಇದೇ ಕ್ರಮ. ಕೈಗವಸು, ಕನ್ನಡಕ ಇಲ್ಲದೆ ಕಾಸ್ಟಿಕ್ ಮುಟ್ಟಬೇಡಿ. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾದ ಮೇಲೆ ಸುರಿಯಬಾರದು. ಎರಡೂ ತೊಂದರೆ ಇದ್ದರೆ ಎರಡು ಬೇರೆ ದಿನ ಮಾಡಿ. ಒಂದರ ಮೇಲೊಂದು ಬೆರೆಸುವುದು ಅಪಾಯ.

ಹೊಸದು ಹಾಕುವಾಗ ಕೊಳವೆಯ ಮೇಲಿನ ಬಾಣದ ದಿಕ್ಕಿನಲ್ಲೇ ತಳ್ಳಿ, ಸುತ್ತಲಿನ ದೊಡ್ಡ ರಬ್ಬರ್ ಸೀಲ್ ನೀರು ಬರುವ ಕಡೆಗಿರಲಿ. ಒ-ರಿಂಗ್‌ಗೆ (ಜೋಡಣೆಯ ಸಣ್ಣ ರಬ್ಬರ್ ಬಳೆಗೆ) ಗ್ಲಿಸರಿನ್ ಮಾತ್ರ. ಗ್ರೀಸು, ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಉಪ್ಪು ನೀರು ನುಸುಳುತ್ತದೆ, ಆಮೇಲೆ "ಹೊಸ ಮೆಂಬ್ರೇನೇ ಡೂಪ್ಲಿಕೇಟ್" ಎಂದು ಅಂಗಡಿಯವರ ಜೊತೆ ಜಗಳ.

## ಹಂತ 6: ಮೊದಲ ಓಟ

ವೇಸ್ಟ್ ನೀರಿನ ವಾಲ್ವನ್ನು ಪೂರ್ತಿ ತೆರೆದಿಟ್ಟು ಪಂಪು ಹಚ್ಚಿ. ಐದು ನಿಮಿಷ ಗಾಳಿ ಹೊರಹೋದ ಮೇಲೆ ನಿಧಾನಕ್ಕೆ ಮುಚ್ಚುತ್ತ ಒತ್ತಡ ಏರಿಸಿ. ಇಂಥ ಘಟಕಗಳು ಸಾಮಾನ್ಯವಾಗಿ 10ರಿಂದ 14 ಕೆ.ಜಿ.ಯಲ್ಲಿ ಓಡುತ್ತವೆ, ನಿಮ್ಮ ಘಟಕದ ಫಲಕದ ಮೇಲಿನ ಮಿತಿ ದಾಟಬೇಡಿ. ಮೊದಲ ಒಂದು ಗಂಟೆಯ ನೀರು ಚರಂಡಿಗೆ.

ನೀರಿನ ಹರಿವು ತೋರಿಸುವ ರೋಟಾಮೀಟರ್ ಮಂಕಾಗಿದ್ದರೆ ಕ್ಯಾನಿನಿಂದಲೇ ಅಳೆಯಿರಿ. 20 ಲೀಟರ್ ತುಂಬಲು 72 ಸೆಕೆಂಡ್ ಆದರೆ ಗಂಟೆಗೆ 1,000 ಲೀಟರ್. ವೇಸ್ಟ್ ನೀರಿಗೂ 72 ಸೆಕೆಂಡ್ ಆದರೆ ಅರ್ಧಕ್ಕರ್ಧ, ಅಲ್ಲಿಗೆ ಸರಿ. ವೇಸ್ಟ್ ಹರಿಯುವುದನ್ನು ನೋಡಿ ಹೊಟ್ಟೆ ಉರಿದು ವಾಲ್ವ್ ಇನ್ನಷ್ಟು ತಿರುವುವವರಿದ್ದಾರೆ. ಆ ದಿನ ಹತ್ತು ಕ್ಯಾನ್ ಹೆಚ್ಚು ಸಿಗುತ್ತದೆ. ಕೊನೆಯ ಮೆಂಬ್ರೇನಿನ ಬಾಲದಲ್ಲಿ ಸುಣ್ಣ ಕಟ್ಟಲು ಶುರುವಾಗುವುದೂ ಅದೇ ದಿನ. ಬೇಸಿಗೆಯಲ್ಲಿ ಬೋರಿನ ಟಿಡಿಎಸ್ ಏರಿದಾಗ ವೇಸ್ಟ್ ಇನ್ನೂ ಸ್ವಲ್ಪ ಹೆಚ್ಚೇ ಬಿಡಬೇಕು.

ಬೋರಿನ ಟಿಡಿಎಸ್ 1,500 ಇದ್ದರೆ ಹೊರಬರುವುದು 75ರ ಒಳಗಿರಬೇಕು. ತೀರಾ ಸಪ್ಪೆ ಎಂದು ಊರಿನವರು ಮೂಗು ಮುರಿದರೆ ಸ್ವಲ್ಪ ಬೋರಿನ ನೀರು ಬೆರೆಸಬಹುದು, ಆದರೆ ಫ್ಲೋರೈಡ್ ಲೆಕ್ಕ ಹಾಕಿಯೇ. ಬೋರಿನಲ್ಲಿ 3, ಆರ್‌ಒ ನೀರಿನಲ್ಲಿ 0.2 ಇದ್ದು, ನೂರಕ್ಕೆ ಹತ್ತು ಪಾಲು ಬೆರೆಸಿದರೆ 0.48 ಆಗುತ್ತದೆ, ಚಿಂತೆಯಿಲ್ಲ. ನೂರಕ್ಕೆ ನಲವತ್ತು ಬೆರೆಸಿದರೆ 1.3, ಅದು ಬೇಡ. ಬೆರಕೆ ಯುವಿ ದೀಪಕ್ಕಿಂತ (ನೀರಿನ ರೋಗಾಣು ಕೊಲ್ಲುವ ದೀಪ) ಮುಂಚೆ ಆಗಬೇಕು, ಇಲ್ಲದಿದ್ದರೆ ಬೋರಿನ ಕ್ರಿಮಿ ನೇರ ಕ್ಯಾನಿಗೆ.

ಯುವಿ ದೀಪ ನೀಲಿಯಾಗಿ ಉರಿಯುತ್ತಿದೆ ಎಂದು ನಂಬಬೇಡಿ. ವರ್ಷ ಕಳೆದರೆ ಬೆಳಕು ಉಳಿದು ಶಕ್ತಿ ಹೋಗಿರುತ್ತದೆ. ಹಾಕಿದ ತಾರೀಖನ್ನು ಡಬ್ಬಿಯ ಮೇಲೆ ಮಾರ್ಕರಿನಲ್ಲಿ ಬರೆದು, ವರ್ಷಕ್ಕೊಮ್ಮೆ ಬದಲಿಸಿ.

ಶುದ್ಧ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿ, ವರದಿ ಬಂದು, ಅದರ ಪ್ರತಿ ಗೋಡೆಯ ಮೇಲೆ ಅಂಟಿಸಿದ ಮೇಲೆ ಮಾರಾಟ ಶುರು. ಅದಕ್ಕೂ ಮುಂಚೆ ಒಂದು ಕ್ಯಾನೂ ಬೇಡ.

## ಹಂತ 7: ಪುಸ್ತಕ

ಬೆಳಗ್ಗೆ ಘಟಕ ಹಚ್ಚಿ ಅರ್ಧ ಗಂಟೆಯಾದ ಮೇಲೆ ದಿನವೂ ಒಂದೇ ಹೊತ್ತಿಗೆ ಎಂಟು ಅಂಕಿ ಬರೆಯಿರಿ: ಕಾರ್ಟ್ರಿಜ್‌ನ ಹಿಂದೆ ಮುಂದೆ ಒತ್ತಡ, ಮೆಂಬ್ರೇನಿನ ಹಿಂದೆ ಮುಂದೆ ಒತ್ತಡ, ಕ್ಯಾನ್ ತುಂಬುವ ಸೆಕೆಂಡು, ವೇಸ್ಟ್ ತುಂಬುವ ಸೆಕೆಂಡು, ಬೋರಿನ ಟಿಡಿಎಸ್, ಶುದ್ಧ ನೀರಿನ ಟಿಡಿಎಸ್. ಪಕ್ಕದಲ್ಲಿ ಔಷಧದ ಮಟ್ಟ, ಕರೆಂಟ್ ಮೀಟರ್. ಐದು ನಿಮಿಷದ ಕೆಲಸ. ಇದನ್ನು ಬರೆಯದ ಹುಡುಗ ಎಷ್ಟೇ ಚುರುಕಾಗಿದ್ದರೂ ಆಪರೇಟರ್ ಆಗಲಾರ.

ಪುಸ್ತಕ ಹೇಳುವ ಸುದ್ದಿ ಹೀಗಿರುತ್ತದೆ:

- ಕ್ಯಾನ್ ತುಂಬಲು 72ರ ಬದಲು 82 ಸೆಕೆಂಡ್ ಆಗುತ್ತಿದೆ, ಟಿಡಿಎಸ್ ಹಾಗೇ ಇದೆ: ಮೆಂಬ್ರೇನ್ ಕಟ್ಟುತ್ತಿದೆ. ಈಗಲೇ ತೊಳೆಯಿರಿ; 120 ಸೆಕೆಂಡ್ ಆಗುವವರೆಗೆ ಕಾಯ್ದರೆ ತೊಳೆದರೂ ಬಾರದು.
- ನೀರು ಮೊದಲಿಗಿಂತ ಜೋರಾಗಿ ಬರುತ್ತಿದೆ, ಟಿಡಿಎಸ್ ಏರಿದೆ: ಖುಷಿಪಡಬೇಡಿ. ಕ್ಲೋರಿನ್ ಹಾಳೆಯನ್ನು ತಿಂದಿದೆ ಇಲ್ಲವೇ ಒ-ರಿಂಗ್ ಹರಿದಿದೆ.
- ಒಂದೇ ದಿನದಲ್ಲಿ ಟಿಡಿಎಸ್ ಎರಡರಷ್ಟು: ಒ-ರಿಂಗ್. ನಾಲ್ಕು ಮೆಂಬ್ರೇನಿನ ನೀರನ್ನು ಬೇರೆ ಬೇರೆಯಾಗಿ ಅಳೆದು ಯಾವುದೆಂದು ಹಿಡಿಯಿರಿ.
- ಔಷಧದ ಮಟ್ಟ ಎರಡು ದಿನದಿಂದ ಇಳಿದಿಲ್ಲ: ಘಟಕ ತಕ್ಷಣ ನಿಲ್ಲಿಸಿ.

ಎರಡು ಮೂರು ದಿನ ಕರೆಂಟು ಇಲ್ಲದೆ ನಿಂತರೆ, ಬಂದ ಕೂಡಲೇ ಹದಿನೈದು ನಿಮಿಷ ವೇಸ್ಟ್ ವಾಲ್ವ್ ತೆರೆದು ಹರಿಸಿ. ಬೋರು ಸುಟ್ಟು ವಾರಗಟ್ಟಲೆ ನಿಲ್ಲುವುದು ಖಚಿತವಾದರೆ, 100 ಲೀಟರ್ ಆರ್‌ಒ ನೀರಿಗೆ 1 ಕೆ.ಜಿ. ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ ಮೆಂಬ್ರೇನ್ ತುಂಬಿಸಿ, ವಾಲ್ವ್‌ಗಳನ್ನು ಮುಚ್ಚಿಡಿ. ತಿಂಗಳಾದ ಮೇಲೆ ನೆನಪಾಗಿ ಮಾಡುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

## ಹಂತ 8: ನಾಣ್ಯ, ಕ್ಯಾನು, ಸಂಬಳ

ಶೇಂಗಾ ಬಿತ್ತನೆ, ಕೀಳುವ ಕಾಲದಲ್ಲಿ ಹಗಲು ಊರು ಖಾಲಿ. ಬೆಳಗ್ಗೆ 6ರಿಂದ 9, ಸಂಜೆ 5ರಿಂದ 8 ಘಟಕ ತೆರೆದಿರಲೇಬೇಕು. ಸಮಯ ಮತ್ತು ದರವನ್ನು ಪಂಚಾಯಿತಿಯ ಕಸದ ಗಾಡಿಯ ಮೈಕಿನಲ್ಲಿ ಒಂದು ವಾರ ಹೇಳಿಸಿ.

ಕಾಯಿನ್ ಬಾಕ್ಸ್ ಬೀಗದ ಎರಡು ಕೈ ಇಬ್ಬರ ಬಳಿ ಇರಲಿ, ಇಬ್ಬರೂ ಇದ್ದಾಗಲೇ ತೆರೆಯಿರಿ. ನಾಣ್ಯದ ಮೊತ್ತವನ್ನು ಶುದ್ಧ ನೀರಿನ ಮೀಟರಿನ ಜೊತೆ ತಾಳೆ ನೋಡಿ: 5,000 ಲೀಟರ್ ಹೋದರೆ 1,250 ರೂ. ಇರಬೇಕು. ಕಡಿಮೆ ಬಂದರೆ ಮೊದಲು ನಾಣ್ಯ ಬಿದ್ದಾಗ ನೀರು ಬಿಟ್ಟು ನಿಲ್ಲಿಸುವ ಸಾಲೆನಾಯ್ಡ್ ವಾಲ್ವ್ ನೋಡಿ, ಕಸ ಸಿಕ್ಕಿ ಅದು ಪೂರ್ತಿ ಮುಚ್ಚದೆ ಕ್ಯಾನಿಗೆ ಲೀಟರೆರಡು ಹೆಚ್ಚು ಹೋಗುತ್ತಿರಬಹುದು. ಮನುಷ್ಯರ ಮೇಲೆ ಅನುಮಾನ ಆಮೇಲೆ.

ಮನೆಗೆ ಕ್ಯಾನ್ ತಲುಪಿಸುವ ಆಟೋ ಇನ್ನೊಂದು ಕೆಲಸ ಹುಟ್ಟಿಸುತ್ತದೆ. ಆದರೆ ಜನರದೇ ಕ್ಯಾನ್ ತುಂಬಿ ಕೊಡಿ. ನೀವೇ ಸೀಲ್ ಹಾಕಿ, ಹೆಸರಿನ ಚೀಟಿ ಅಂಟಿಸಿ ಮಾರಿದರೆ ಅದು ಪ್ಯಾಕೇಜ್ ಮಾಡಿದ ನೀರಾಗುತ್ತದೆ. ಅದಕ್ಕೆ ಆಹಾರ ಸುರಕ್ಷತೆಯ ಪರವಾನಗಿ, ಬೇರೆಯದೇ ವ್ಯವಸ್ಥೆ ಬೇಕು.

ಸಂಬಳದಲ್ಲಿ ಸಮಪಾಲು ಮಾಡಬೇಡಿ. ಕೆರೆಗಳನ್ನು ಕಟ್ಟಿಸಿದ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ, ಹಾಗೇ ಮಾಡಿ: ಹಾಜರಿಗಿಷ್ಟು, ಪುಸ್ತಕ ತಪ್ಪದೆ ಬರೆದದ್ದಕ್ಕಿಷ್ಟು. ಮೆಂಬ್ರೇನ್ ಮತ್ತು ಮೋಟರಿನ ದುಡ್ಡು ತಿಂಗಳ 1ನೇ ತಾರೀಖೇ ಬೇರೆ ಖಾತೆಗೆ ಹೋಗಲಿ, ಸಂಬಳ ಅದರ ನಂತರ. ಹಬ್ಬಕ್ಕೆ, ಜಾತ್ರೆಗೆ ಆ ಖಾತೆಯಿಂದ ಕೈಸಾಲ ಶುರುವಾಯಿತೆಂದರೆ ಘಟಕಕ್ಕೆ ಬೀಗ ಬೀಳುವ ದಿನ ದೂರವಿಲ್ಲ.

## ಹಂತ 9: ವೇಸ್ಟ್ ನೀರು

ಅರ್ಧ ನೀರು ವೇಸ್ಟ್ ಆಗುವಾಗ ಉಪ್ಪು, ಫ್ಲೋರೈಡ್ ಎಲ್ಲ ಅದರಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಬೋರಿನಲ್ಲಿ 3 ಇದ್ದರೆ ಇದರಲ್ಲಿ 6ರ ಹತ್ತಿರ. ದನದ ತೊಟ್ಟಿಗೆ ಬಿಡಬೇಡಿ, ದನಕ್ಕೂ ಫ್ಲೋರೈಡಿನ ಬೇನೆ ಬರುತ್ತದೆ. ಬೋರಿನ ಪಕ್ಕ ಇಂಗುಗುಂಡಿ ತೋಡಿ ಅದಕ್ಕೆ ಬಿಡುವುದು ಇನ್ನೂ ಕೆಟ್ಟದ್ದು. ಅದೇ ನೀರು ತಿರುಗಿ ನಿಮ್ಮ ಮೆಂಬ್ರೇನಿಗೇ ಬರುತ್ತದೆ. ಶಾಲೆಯ, ಬಸ್ ನಿಲ್ದಾಣದ ಶೌಚಾಲಯದ ಟ್ಯಾಂಕಿಗೆ, ಟ್ರ್ಯಾಕ್ಟರ್, ಬೈಕ್ ತೊಳೆಯಲು, ಕಟ್ಟೆ ತೊಳೆಯಲು ಬಳಸಿ. ಘಟಕದ ಪಕ್ಕದಲ್ಲೇ ಗಾಡಿ ತೊಳೆಯುವ ಕಟ್ಟೆಯೊಂದನ್ನು ಹಾಕಿದರೆ ಅದೇ ಒಬ್ಬ ಹುಡುಗನ ಸಂಜೆಯ ದುಡಿಮೆ.

## ಹಂತ 10: ಎರಡನೇ ಊರು ಯಾವಾಗ

ಮೊದಲ ಘಟಕದ ಪುಸ್ತಕದಲ್ಲಿ 90 ದಿನ ಒಂದೂ ಖಾಲಿ ಸಾಲಿಲ್ಲದಿರಬೇಕು. ಕ್ಯಾನ್ ತುಂಬುವ ಸಮಯ 80 ಸೆಕೆಂಡ್ ದಾಟಿರಬಾರದು. ಎತ್ತಿಟ್ಟ ಖಾತೆಯಲ್ಲಿ ಮೂರು ತಿಂಗಳ 15,000 ಹಾಗೇ ಇರಬೇಕು. ಈ ಮೂರೂ ಆಗಿದ್ದರೆ ಮಾತ್ರ ಎರಡನೇ ಪಂಚಾಯಿತಿಗೆ ಅರ್ಜಿ ಬರೆಯಿರಿ, ಪುಸ್ತಕದ ಜೆರಾಕ್ಸ್ ಲಗತ್ತಿಸಿ.

ಎರಡನೇ ಘಟಕ ಹಿಡಿಯುವ ಮುಂಚೆ ಕಪಾಟಿನಲ್ಲಿ ಇಷ್ಟು ಸಾಮಾನು ಇಟ್ಟುಕೊಳ್ಳಿ: ಎರಡು ಮೆಂಬ್ರೇನ್, ಹನ್ನೆರಡು ಕಾರ್ಟ್ರಿಜ್, ಒ-ರಿಂಗ್ ಎರಡು ಸೆಟ್ಟು, ಔಷಧದ ಪಂಪು ಒಂದು, ಯುವಿ ದೀಪ ಒಂದು, ಲೋ ಪ್ರೆಶರ್ ಸ್ವಿಚ್ ಒಂದು. ಬೇಸಿಗೆಯ ನಡುವೆ ಸಾಮಾನು ಬೆಂಗಳೂರಿನಿಂದ ಬರಲು ನಾಲ್ಕು ದಿನ ಹಿಡಿದರೆ, ಆ ನಾಲ್ಕು ದಿನದಲ್ಲಿ ಜನ ಬೇರೆ ಕಡೆಯ ಕ್ಯಾನಿಗೆ ಒಗ್ಗಿಕೊಂಡಿರುತ್ತಾರೆ.